ಐರ್ಲೆಂಡಿನ ಜೌಗಿನಲ್ಲಿ ಕುಚ್ಚಿನ ಹೂ

ಐರ್ಲೆಂಡಿಗೆ ಹೋಗಿ ಬಂದವರು ಸಮುದ್ರದಂಚಿನ ಬಂಡೆಗಳನ್ನೋ ಹಳೆಯ ಕೋಟೆಗಳನ್ನೋ ಫೋಟೋದಲ್ಲಿ ತೋರಿಸುತ್ತಾರೆ. ನನ್ನ ಫೋನಿನಲ್ಲಿರುವುದೆಲ್ಲ ಕೆಸರು. ಕಂದು ಕೆಸರು, ಹಸಿರು ಕೆಸರು, ಕೆಸರು ಮೆತ್ತಿದ ನನ್ನ ಬಲಗಾಲು. ಪದ್ಮನಾಭನಗರದಲ್ಲಿ ಬೆಳಗ್ಗೆ ನನ್ನೊಡನೆ ವಾಕಿಂಗ್ ಬರುವ ಗೆಳತಿಯರು ಎರಡು ಫೋಟೋ ನೋಡಿ, ಮೂರನೆಯದು ಬರುವ ಮೊದಲೇ ಫೋನ್ ವಾಪಸ್ ಕೊಟ್ಟರು. ಹಾಗಾಗಿ ನಡೆದದ್ದನ್ನು ಬರೆದೇ ಹೇಳುವುದು ವಾಸಿ ಅನ್ನಿಸಿತು.

ನಾನು ಮನೆಯಲ್ಲೇ ಜೀವಶಾಸ್ತ್ರದ ಟ್ಯೂಷನ್ ಹೇಳುವವಳು. ಮುಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೂವಿನ ಭಾಗಗಳನ್ನು ಬೋರ್ಡಿನ ಮೇಲೆ ಬರೆದು ಅಳಿಸುತ್ತಿದ್ದೇನೆ. ಕೇಸರ ಯಾವುದು ಶಲಾಕೆ ಯಾವುದು ಎಂದು ಪ್ರತಿಸಲ ಅದಲುಬದಲು ಮಾಡುತ್ತಿದ್ದ ಸಹನಾ ಎಂಬ ಹುಡುಗಿ ಈಗ ಐರ್ಲೆಂಡಿನ ನಡುಭಾಗದ ಒಂದು ಸಣ್ಣ ಊರಿನಲ್ಲಿ ನರ್ಸ್. 'ಮಿಸ್, ಒಂದ್ಸಲ ಬನ್ನಿ, ನನ್ ರೂಮಲ್ಲೇ ಇರೋರಂತೆ' ಎಂದು ಮೂರು ವರ್ಷದಿಂದ ಕರೆಯುತ್ತಿದ್ದಳು. ನನ್ನ ಗಂಡನಿಗೆ ವಿಮಾನವೆಂದರೆ ಆಗದು. ಅವರ ಬದಲಿಗೆ ಅವರ ಅಕ್ಕ ಜಯಮ್ಮ ಹೊರಟರು. ನಾನು ಅವರನ್ನು ಅತ್ತಿಗೆ ಅನ್ನುತ್ತೇನೆ. ಅರವತ್ತೇಳು ವರ್ಷ, ಹುಟ್ಟಿದ್ದೂ ಕೊಟ್ಟಿದ್ದೂ ಗೊಟ್ಟಿಗೆರೆಯಲ್ಲೇ. ಬನ್ನೇರುಘಟ್ಟ ರಸ್ತೆ ದಾಟುವುದೇ ದೊಡ್ಡ ಪ್ರಯಾಣ ಎಂದುಕೊಂಡಿದ್ದವರು ಅವರು.

ಇಮಿಗ್ರೇಷನ್ ಸಾಲು

ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯ ಗಾಜಿನ ಕಿಂಡಿಯ ಮುಂದೆ ಇಬ್ಬರೂ ಒಟ್ಟಿಗೇ ನಿಂತೆವು. ನನ್ನನ್ನು ಎರಡೇ ಪ್ರಶ್ನೆಗೆ ಬಿಟ್ಟ ಆತ ಅತ್ತಿಗೆಯ ಉದ್ಯೋಗ ಏನು ಎಂದು ಕೇಳಿದ.

"ಏನಂತೆ?" ಎಂದರು ಅತ್ತಿಗೆ.

"ಏನು ಕೆಲಸ ಮಾಡ್ತೀರಿ ಅಂತ ಕೇಳ್ತಿದಾರೆ. ಮನೆ ಬಾಡಿಗೆಗೆ ಕೊಟ್ಟಿದೀರ ಅಂತ ಹೇಳ್ಲಾ?"

"ಅದೊಂದು ಕೆಲ್ಸವಾ? ಬೇಸಾಯ ಅನ್ನು."

ಗದ್ದೆ ಹೋಗಿ ಇಪ್ಪತ್ತು ವರ್ಷವಾಗಿತ್ತು. ಆದರೆ ಕಿಂಡಿಯ ಮುಂದೆ ನಿಂತು ವಾದ ಮಾಡುವಂತಿರಲಿಲ್ಲ. ಬೇಸಾಯ ಎಂದೆ. ಆತನ ಮುಖ ಅರಳಿತು. ಅವನ ಅಪ್ಪನಿಗೂ ಹಸುಗಳಿದ್ದವಂತೆ. ಏನು ಬೆಳೆಯುತ್ತೀರಿ ಎಂದು ಕೇಳಿದ. ಭತ್ತ, ರಾಗಿ ಎಂದೆ. ಈ ವರ್ಷ ಮಳೆ ಹೇಗೆ ಎಂದು ಕೇಳಿದ. ಅತ್ತಿಗೆ ಕೈ ಅಡ್ಡಡ್ಡ ಆಡಿಸಿದರು. ಆತ ತನ್ನ ಕಡೆಯದೂ ಅದೇ ಕಥೆ ಎಂಬಂತೆ ತಲೆಯಾಡಿಸಿ ಮುದ್ರೆ ಒತ್ತಿದ. ಹಿಂದೆ ಸಾಲಿನಲ್ಲಿದ್ದವರು ನಮ್ಮನ್ನು ಹಳೇ ಪರಿಚಯದವರು ಎಂದುಕೊಂಡಿರಬೇಕು.

ಸಹನಾಳ ಊರು

ಒಂದು ಬೀದಿ, ಒಂದು ಚರ್ಚು, ಎರಡು ಅಂಗಡಿ, ಸುತ್ತ ಹುಲ್ಲುಗಾವಲು. ಜಯನಗರದ ಒಂದು ಬ್ಲಾಕಿನೊಳಗೆ ಇಂಥ ನಾಲ್ಕು ಊರು ಹಿಡಿಸುತ್ತವೆ. ಹಳ್ಳಿದಾರಿಯಲ್ಲಿ ಎದುರು ಬಂದ ಪ್ರತಿಯೊಂದು ಕಾರಿನವರೂ ಸ್ಟಿಯರಿಂಗಿನಿಂದ ತೋರುಬೆರಳೊಂದನ್ನು ಎತ್ತಿ ನಮಸ್ಕಾರ ಹೇಳುತ್ತಾರೆ. ಸಹನಾಳಿಗೆ ಊರಿನಲ್ಲಿ ಭಾರಿ ಬಳಕೆ ಇದೆ ಎಂದು ಅತ್ತಿಗೆ ಖುಷಿಪಟ್ಟರು. ಗುರುತಿಲ್ಲದವರೂ ಹಾಗೇ ಮಾಡುತ್ತಾರೆ ಎಂದು ತಿಳಿದ ಮೇಲೆ ಅವರಿಗೆ ಇನ್ನೂ ಖುಷಿಯಾಯಿತು. ಅಂದಿನಿಂದ ಹಿಂದಿನ ಸೀಟಿನಲ್ಲಿ ಕೂತೇ ಎಲ್ಲರಿಗೂ ಪೂರ್ತಿ ಕೈ ಎತ್ತತೊಡಗಿದರು.

ಟೀ ವಿಷಯದಲ್ಲಿ ಅಲ್ಲಿಯವರೂ ನಮ್ಮ ಹಳ್ಳಿಯವರೇ. ಕುಡೀತೀರಾ ಎಂದರೆ ಬೇಡ ಅನ್ನಬೇಕು. ಇನ್ನೊಮ್ಮೆ ಕೇಳಿದಾಗಲೂ ತೊಂದರೆ ಯಾಕೆ ಅನ್ನಬೇಕು. ಮೂರನೆಯ ಸಲಕ್ಕೆ ಲೋಟ ಕೈಗೆ ಬರುತ್ತದೆ. ನಾನು ಬೆಂಗಳೂರಿನ ಅವಸರದಲ್ಲಿ ಮೊದಲ ಸಲವೇ ಹೂಂ ಎಂದು ಒಂದು ಮನೆಯಲ್ಲಿ ಎಲ್ಲರನ್ನೂ ತಬ್ಬಿಬ್ಬು ಮಾಡಿದೆ. ಅತ್ತಿಗೆ ಒಂದಕ್ಷರ ಇಂಗ್ಲಿಷ್ ಇಲ್ಲದೆಯೇ ಈ ಶಾಸ್ತ್ರವನ್ನು ಸರಿಯಾಗಿ ನಡೆಸಿದರು.

ಅವರಿಗೆ ಒಗ್ಗದೇ ಹೋದದ್ದು ಬೆಳಕು. ಮೇ ತಿಂಗಳು, ರಾತ್ರಿ ಊಟವಾದರೂ ಹೊರಗೆ ಬಿಸಿಲು. "ದೀಪ ಹಚ್ಚೋ ಹೊತ್ತು ಯಾವಾಗ ಬರ್ತದೆ?" ಎಂದು ಕಿಟಕಿಯ ಹತ್ತಿರ ಕಾದು ಕೂತು, ಕೊನೆಗೆ ಪರದೆ ಎಳೆದು ಹಚ್ಚುತ್ತಿದ್ದರು.

ಬಿಸ್ಕತ್ತಿನ ಡಬ್ಬಿ

ಎರಡು ಮನೆ ಆಚೆ ಮೇವ್ ಎಂಬ ಮುದುಕಿ ಇದ್ದರು. ಎಪ್ಪತ್ತನಾಲ್ಕು ವರ್ಷ, ನಿವೃತ್ತ ಶಾಲಾ ಶಿಕ್ಷಕಿ. ಊರಿನ ಹಿಂದೆ ಮೈಲಿಗಟ್ಟಲೆ ಹರಡಿದ ಜೌಗು ನೆಲವಿದೆ. ಸಾವಿರಾರು ವರ್ಷ ಪಾಚಿ ಬೆಳೆದು, ಸತ್ತು, ಕೊಳೆಯದೆ ಒಂದರ ಮೇಲೊಂದು ಕೂತು ಆದ ನೆಲ. ಅಲ್ಲಿಯವರು ಅದನ್ನು ಇಟ್ಟಿಗೆಯ ಹಾಗೆ ಕೊಯ್ದು, ಒಣಗಿಸಿ, ಒಲೆಗೆ ಹಾಕುತ್ತಿದ್ದರು. ಮೇವ್ ಅವರ ಮನೆಯಲ್ಲಿ ಆ ಹೊಗೆಯ ವಾಸನೆ ಇನ್ನೂ ಗೋಡೆಗೆ ಅಂಟಿಕೊಂಡಿತ್ತು. "ಬೆರಣಿ ಒಲೆ" ಎಂದರು ಅತ್ತಿಗೆ ಒಳಗೆ ಕಾಲಿಡುತ್ತಲೇ.

ಪ್ರತಿ ವರ್ಷ ಮೇ ತಿಂಗಳಲ್ಲಿ ಮೇವ್ ಜೌಗಿನ ಹೂಗಳನ್ನು ಎಣಿಸಿ ಒಂದು ಪುಸ್ತಕದಲ್ಲಿ ಬರೆಯುತ್ತಾರೆ. ಆಸಕ್ತಿ ಇದ್ದವರಿಗೆ ಗಿಡ ಗುರುತಿಸುವುದನ್ನೂ ಕಲಿಸುತ್ತಾರೆ. ಆದರೆ ಅವರ ಕಟ್ಟಳೆ ಒಂದಿದೆ. ಬಂದವರು ಮೊದಲು ಫೋನುಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಬೇಕು. ಗಿಡದ ಹೆಸರನ್ನು ಅವರು ಹೇಳುವುದಿಲ್ಲ, ಫೋನೂ ಹೇಳಕೂಡದು. ನೋಡಬೇಕು, ಮುಟ್ಟಬೇಕು, ನೀವೇ ಹೇಳಬೇಕು. ಇಪ್ಪತ್ತೆರಡು ವರ್ಷ ನೋಟ್ಸ್ ಬರೆಸಿಯೇ ಪಾಠ ಮಾಡಿದ ನನಗೆ ಇದು ಕಾಲಹರಣ ಅನ್ನಿಸಿತು.

ಶನಿವಾರ ಬೆಳಗ್ಗೆ ಅವರು ಜಾಮಿನ ಬಾಟಲಿಯ ನೀರಿನಲ್ಲಿ ನಿಲ್ಲಿಸಿದ ಒಂದು ದಂಟನ್ನು ಮೇಜಿನ ಮೇಲಿಟ್ಟರು. ತುದಿಯಲ್ಲಿ ಮೂರು ದಪ್ಪ ಎಲೆ. "ಇದು ಯಾರು?" ಎಂದರು.

ನನಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಒಂದು ತೊಟ್ಟಿಗೆ ಮೂರು ಎಲೆ, ನಮ್ಮ ಅವರೆಯ ಎಲೆ ಇದ್ದಂತೆಯೇ. "ಅವರೆ, ಹುರುಳಿ, ಆ ಕುಟುಂಬದ್ದು" ಎಂದು ಕುಟುಂಬದ ಲ್ಯಾಟಿನ್ ಹೆಸರನ್ನೂ ಸೇರಿಸಿ ಹೇಳಿದೆ. ಮೇವ್ ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ.

ಅತ್ತಿಗೆ ಬಾಟಲಿಯನ್ನು ಎತ್ತಿ ನೋಡಿದರು. "ಇದು ಬೆಳೆದಿರೋದು ಎಲ್ಲಂತೆ?"

ಕೇಳಿ ಹೇಳಿದೆ. ಜೌಗಿನ ನಡುವಿನ ಒಂದು ಹೊಂಡದಲ್ಲಿ, ನಿಂತ ನೀರಿನಲ್ಲಿ.

"ಹಂಗಾದ್ರೆ ಅವರೆ ಅಲ್ಲ ಬಿಡು. ಅವರೆ ಬುಡಕ್ಕೆ ನಾಕು ದಿನ ನೀರು ನಿಂತ್ರೆ ಬೇರು ಕೊಳ್ತೋಗ್ತದೆ. ಇದು ನೀರಲ್ಲೇ ಹುಟ್ಟಿ ನೀರಲ್ಲೇ ಇರೋ ಜಾತಿ."

"ಎಲೆ ನೋಡಿ ಅತ್ತಿಗೆ, ಮೂರಿದೆ."

"ಬಿಲ್ವಪತ್ರೆಗೂ ಮೂರಿದೆ."

ಅತ್ತಿಗೆ ಏನೆಂದರು ಎಂದು ಮೇವ್ ಕೇಳಿದರು. ನನಗೆ ಅನುವಾದಿಸಲು ಮನಸ್ಸಿರಲಿಲ್ಲ, ಆದರೂ ಹೇಳಿದೆ. ಮೇವ್ ಕುರ್ಚಿಯನ್ನು ಅತ್ತಿಗೆಯ ಕಡೆಗೆ ತಿರುಗಿಸಿಕೊಂಡರು. ಅಲ್ಲಿಂದ ಮುಂದೆ ಅವರು ಮಾತನಾಡಿದ್ದು ಅತ್ತಿಗೆಯೊಂದಿಗೇ, ನಡುವೆ ನಾನು ಬರಿಯ ದುಬಾಷಿ.

ಆ ಹೊಂಡ ಹಲಗೆ ಹಾಸಿದ ದಾರಿ ಮುಗಿದ ಮೇಲೆ ಸುಮಾರು ನೂರು ಹೆಜ್ಜೆ ಆಚೆ ಇದೆಯಂತೆ. ಮೂರು ವರ್ಷದ ಹಿಂದೆ ಅಲ್ಲಿ ಈ ಎಲೆ ಕಾಣಿಸಿಕೊಂಡಿದೆ. ಆದರೆ ಒಂದು ವರ್ಷವೂ ಹೂ ಬಿಟ್ಟಿಲ್ಲ. ಈ ಸಲ ಚಳಿಗಾಲದಲ್ಲಿ ಮೇವ್ ಅವರ ಮಂಡಿಗೆ ಆಪರೇಷನ್ ಆಗಿದೆ, ಕೋಲಿಲ್ಲದೆ ಅವರು ನಡೆಯಲಾರರು. ಎಲೆಯನ್ನು ಯಾರೋ ಕಿತ್ತು ತಂದುಕೊಟ್ಟಿದ್ದರು. ಹೂ ಇತ್ತೇ ಎಂದರೆ ಸರಿಯಾಗಿ ನೋಡಲಿಲ್ಲ ಎಂದರಂತೆ.

"ನೀವು ಹೋಗಿ ನೋಡಿ ಬರುತ್ತೀರಾ?" ಎಂದರು. ಅವರ ದನಿಯಲ್ಲಿ ಅದುವರೆಗೆ ಇಲ್ಲದ ಒಂದು ಹಿಂಜರಿಕೆ ಇತ್ತು.

ಬಾಯಿಗೆ ಬಂದ ಹೂಂ ಅನ್ನು ನಾನು ತಡೆಯಲಿಲ್ಲ. ಹೂ ಸಿಕ್ಕರೆ ಅವರೆಯ ಹೂವೇ ಸಿಗಬೇಕು ಎಂಬ ಹಟ ನನಗೆ.

ಹಲಗೆಯ ದಾರಿ ಮುಗಿದ ಮೇಲೆ

ಫೋನುಗಳು ಡಬ್ಬಿಯಲ್ಲೇ ಉಳಿದವು. ಸಹನಾ ಡ್ಯೂಟಿಗೆ ಹೋಗುವ ಮೊದಲು ನಮ್ಮಿಬ್ಬರಿಗೂ ಗಮ್‌ಬೂಟು ಹೊಂದಿಸಿಕೊಟ್ಟಳು. ಮೇವ್ ಹಲಗೆಯ ಕೊನೆಯವರೆಗೆ ಕೋಲೂರಿಕೊಂಡು ಬಂದು ಒಂದು ಬೆಂಚಿನ ಮೇಲೆ ಕೂತರು. ಎಲ್ಲಿ ಕಂದು ಗಿಡಗಳ ದಿಬ್ಬವಿದೆಯೋ ಅಲ್ಲಿ ಕಾಲಿಡಿ, ಎಲ್ಲಿ ಹಸಿರಾಗಿ ನುಣುಪಾಗಿ ಕಾಣುತ್ತದೋ ಅಲ್ಲಿ ಇಡಬೇಡಿ ಎಂದು ಎರಡು ಸಲ ಹೇಳಿದರು.

ಅತ್ತಿಗೆ ಮೂರು ಹೆಜ್ಜೆ ಇಟ್ಟು, ಹಿಂದಕ್ಕೆ ಬಂದು, ಬೂಟು ಕಳಚಿ ಬೆಂಚಿನ ಕೆಳಗಿಟ್ಟರು. "ಇದನ್ನಾಕ್ಕೊಂಡ್ರೆ ಕೆಳಗೇನಿದೆ ಅಂತ ಕಾಲಿಗೆ ಗೊತ್ತಾಗಲ್ಲ." ಸೀರೆಯನ್ನು ಮಂಡಿಗೆ ಎತ್ತಿ ಕಟ್ಟಿ ಬರಿಗಾಲಲ್ಲಿ ಹೊರಟರು. ನೀರು ಐಸಿನಂತಿತ್ತು. ಒಮ್ಮೆ "ಅಯ್ಯಪ್ಪಾ" ಎಂದಿದ್ದು ಬಿಟ್ಟರೆ ಬೇರೆ ಮಾತಿಲ್ಲ. ಬೆರಳು ಮೊದಲು ಊರಿ, ಒಂದು ಕಡೆ ನಿಲ್ಲದೆ, ಭಾರ ಬೀಳುವ ಮೊದಲೇ ಮುಂದಿನ ಹೆಜ್ಜೆಗೆ ಹೋಗುವ ಅವರ ನಡಿಗೆಯನ್ನು ನಾನು ನೋಡಿರಲೇ ಇಲ್ಲ. ಗೊಟ್ಟಿಗೆರೆಯ ಟೈಲ್ಸ್ ನೆಲದ ಮೇಲೆ ಅವರು ಸೊಂಟ ಹಿಡಿದುಕೊಂಡು ನಡೆಯುವವರು.

ನಾನು ಜಯನಗರದಲ್ಲಿ ಬೆಳೆದವಳು. ಗದ್ದೆಗೆ ಇಳಿದವಳಲ್ಲ. ತೊಂಬತ್ತು ಹೆಜ್ಜೆಯಾಗುವ ಹೊತ್ತಿಗೆ ಸುಸ್ತಾಗಿ, ಲಾಲ್‌ಬಾಗಿನ ಹುಲ್ಲುಹಾಸಿನಂಥ ಒಂದು ಜಾಗ ಕಂಡು ಅಲ್ಲಿ ನಿಂತು ಉಸಿರು ಬಿಟ್ಟೆ. ಆ ಹುಲ್ಲುಹಾಸು ಮೆಲ್ಲಗೆ ಬಾಯಿ ತೆರೆಯಿತು. ಬಲಗಾಲು ಮಂಡಿಯವರೆಗೆ ಇಳಿಯಿತು. ಎಳೆದಷ್ಟೂ ಇನ್ನೂ ಇಳಿಯಿತು.

"ಲಲಿತಾ, ಎಳೀಬೇಡ," ಎಂದರು ಅತ್ತಿಗೆ ತಿರುಗಿ ನೋಡಿ. "ಕೂತ್ಕೊ."

"ಎಲ್ಲಿ ಕೂತ್ಕೊಳ್ಲಿ?"

"ನಿಂತಿರೋ ಕಡೇನೇ. ಹಿಂದಕ್ಕೆ ಕೂತು ಹಂಗೇ ಮಲಕ್ಕೊ. ಸೀರೆ ಅಲ್ವಲ್ಲ ನಿಂದು, ಪ್ಯಾಂಟು, ಒಗೆದ್ರೆ ಹೋಗ್ತದೆ."

ಮಲಗಿದೆ. ಬೆನ್ನಿಗೆ ತಣ್ಣಗೆ ನೀರು ಹೊಕ್ಕಿತು, ಮೇಲೆ ಆಕಾಶ. ಅತ್ತಿಗೆ ಹತ್ತಿರದ ದಿಬ್ಬದ ಮೇಲೆ ಕುಕ್ಕರಗಾಲಲ್ಲಿ ಕೂತು, ನನ್ನ ಕಾಲಿನ ಸುತ್ತ ಕೈಹಾಕಿ ಕೆಸರು ಸಡಿಲಿಸಿ, ನಿಧಾನಕ್ಕೆ ಕಾಲನ್ನು ಹೊರತೆಗೆದರು. ಬೂಟು ಒಳಗೇ ಉಳಿಯಿತು. ದೂರದಿಂದ ಮೇವ್ ಏನಾಯಿತು ಎಂದು ಕೂಗುತ್ತಿದ್ದರು. ಅತ್ತಿಗೆ ಕಾರಿನವರಿಗೆ ಎತ್ತುವ ಹಾಗೆ ಅವರಿಗೂ ಕೈ ಎತ್ತಿದರು.

ಹೊಂಡ ಅಲ್ಲಿಂದ ಹತ್ತು ಹೆಜ್ಜೆ. ನಾನು ಮಂಡಿಯೂರಿಕೊಂಡೇ ಅಲ್ಲಿಗೆ ಹೋದೆ. ಅತ್ತಿಗೆ ಆಗಲೇ ಅಂಚಿನಲ್ಲಿ ಕೂತಿದ್ದರು.

"ಬಾ ಇಲ್ಲಿ," ಎಂದರು, ಏಕೋ ಪಿಸುದನಿಯಲ್ಲಿ. "ಕುಚ್ಚಿನ ಹೂ ಕಣೆ."

ಕಪ್ಪು ನೀರಿನ ಮೇಲೆ ಅಂಗೈಯಷ್ಟು ಎತ್ತರಕ್ಕೆ ದಂಟುಗಳು ಎದ್ದಿದ್ದವು. ಮೇಲಿನ ಮೊಗ್ಗು ನಸುಗೆಂಪು, ಕೆಳಗಿನ ಹೂ ಅಚ್ಚ ಬಿಳಿ. ಐದು ದಳ. ಪ್ರತಿ ದಳದ ಒಳಮೈ ತುಂಬ ಬಿಳಿಯ ಎಳೆಗಳು, ರೇಷ್ಮೆ ಸೀರೆಯ ಸೆರಗಿಗೆ ಕಟ್ಟಿದ ಕುಚ್ಚನ್ನು ಬಿಡಿಸಿ ಹರಡಿದ ಹಾಗೆ. ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಹೂವಿಗೆ ಇಂಥದ್ದೇನೂ ಇರಲಿಲ್ಲ.

"ನಮ್ ಕೆರೇಲಿ ಇತ್ತು ಇದು," ಎಂದರು ಅತ್ತಿಗೆ. "ಇದೇ ಅಲ್ಲ. ಅದ್ರ ಎಲೆ ದುಂಡಗೆ, ತಾವರೆ ಎಲೆ ತರ ನೀರ್ ಮೇಲೆ ತೇಲ್ತಿತ್ತು. ಹೂ ನಡುವೆ ಅರಿಸಿನ. ಆದ್ರೆ ಈ ಎಳೆ ಇದೆ ನೋಡು, ಇದು ಅದೇ. ಒಂದು ದಿನ ಇರೋದು ಆ ಹೂವು. ನಾವು ಕುಚ್ಚಿನ ಹೂ ಅಂತಿದ್ವಿ. ಇವೆರಡೂ ನೆಂಟ್ರು."

ಎಲೆ ಬೇರೆ, ದೇಶ ಬೇರೆ, ಹಾಗೆ ಸುಮ್ಮನೆ ಹೇಳಲಾಗದು ಎಂದು ನಾನು ಹೇಳಬಹುದಿತ್ತು. ಆದರೆ ನನ್ನ ಒಂದು ಬೂಟು ಜೌಗಿನೊಳಗಿತ್ತು. ಅತ್ತಿಗೆ ಬೆರಳು ಮಡಚುತ್ತ ಅರಳಿದ ದಂಟುಗಳನ್ನು ಎಣಿಸಿದರು, ಮತ್ತೆ ಎಣಿಸಿದರು, ಇನ್ನೊಂದು ಸಲ ಎಣಿಸಿದರು. ಏಳು.

ಮೇವ್ ಅವರ ಅಡುಗೆಮನೆ

ಏಳು ಎಂದು ನಾನು ಹೇಳಿದಾಗ ಮೇವ್ ಎದ್ದು ಹೋಗಿ ಕೆಟಲಿಗೆ ನೀರು ತುಂಬಿದರು. ಅದನ್ನು ಒಲೆಯ ಮೇಲಿಡುವುದನ್ನು ಮರೆತರು; ಕೊನೆಗೆ ನಾನೇ ಇಟ್ಟೆ.

ಆಮೇಲೆ ಒಂದು ದಪ್ಪ ಪುಸ್ತಕ ಕೊಟ್ಟು, ಈಗ ಹೆಸರು ಹುಡುಕಿ ಎಂದರು. ಅವರೆಯ ಹೂವಾದರೆ ದಳಗಳು ಒಂದರಂತೊಂದು ಇರುವುದಿಲ್ಲ, ಮೇಲೊಂದು ದೊಡ್ಡದು, ಪಕ್ಕಕ್ಕೆರಡು ರೆಕ್ಕೆ, ಕೆಳಗೆ ದೋಣಿ. ಇದು ನಾನೇ ಸಾವಿರ ಸಲ ಬರೆಸಿದ ನೋಟ್ಸು. ಈ ಹೂವಿನ ಐದು ದಳಗಳೂ ಸಮ, ಬುಡದಲ್ಲಿ ಕೂಡಿಕೊಂಡು ಆಲಿಕೆಯಂತಿದ್ದವು. ಹಾಗಾಗಿ ನನ್ನ ಅವರೆ ಮೊದಲ ಪುಟದಲ್ಲೇ ಬಿದ್ದುಹೋಯಿತು. ಪುಟ ತಿರುಗಿಸುತ್ತ ಹೋದಂತೆ ಚಿತ್ರ ಸಿಕ್ಕಿತು. ಇಂಗ್ಲಿಷ್ ಹೆಸರು ಬಾಗ್‌ಬೀನ್. ಜೌಗಿನ ಅವರೆ ಎಂದೇ ಅರ್ಥ. ಎಲೆ ನೋಡಿ ನನ್ನ ಹಾಗೆ ಮೋಸಹೋದವರು ಯಾವ ಕಾಲದಲ್ಲೋ ಇಟ್ಟ ಹೆಸರು. ನನಗೆ ಬಹಳ ಸಮಾಧಾನವಾಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಇದೇ ಕುಟುಂಬದ, ದುಂಡು ಎಲೆ ತೇಲಿಸುವ, ಎಳೆಎಳೆ ಬಿಳಿ ಹೂವಿನ ಗಿಡ ಬಿಸಿ ದೇಶಗಳ ಕೆರೆಗಳಲ್ಲಿ ಬೆಳೆಯುತ್ತದೆ.

ಓದಿ ಹೇಳಿದೆ. ಅತ್ತಿಗೆ "ಹೂಂ" ಎಂದು ಟೀ ಊದಿಕೊಂಡು ಕುಡಿದರು. ಪುಸ್ತಕ ತಮ್ಮ ಮಾತನ್ನು ಒಪ್ಪಿದ್ದು ಅವರಿಗೆ ವಿಶೇಷವಾಗಿ ಕಾಣಲಿಲ್ಲ.

ಆಗ ಮೇವ್ ಹೇಳಿದರು. ಆ ಹೊಂಡದ ಪಕ್ಕದ ಕಾಲುವೆಯನ್ನು ತೋಡಿದ್ದು ಅವರ ಗಂಡ ಟಾಮ್. ಮದುವೆಯಾದ ವರ್ಷ, ಗುದ್ದಲಿಯಲ್ಲಿ, ಒಬ್ಬರೇ. ನೀರು ಬಸಿದು ಹೋದರೆ ನೆಲ ಒಣಗುತ್ತದೆ, ಒಲೆಗೆ ಕೊಯ್ಯಲು ಬರುತ್ತದೆ. ಒಣಗಿತು. ಮನೆ ನಲವತ್ತು ವರ್ಷ ಬೆಚ್ಚಗಿತ್ತು. ಈ ಹೂ ಮಾತ್ರ ಹೋಯಿತು. ಹೋಯಿತು ಎಂದು ಗಮನಿಸಿದ್ದೂ ಟಾಮ್ ಅವರೇ. ಮುದುಕರಾದ ಮೇಲೆ ತಾವೇ ಹಲಗೆ ನೆಟ್ಟು, ಮಣ್ಣು ತುಂಬಿ ಆ ಕಾಲುವೆಯನ್ನು ಮುಚ್ಚಿದರು. ಮರುವರ್ಷ ತೀರಿಕೊಂಡರು. ಎಲೆ ಬಂದದ್ದು ಅದಾದ ಮೇಲೆ.

ಅತ್ತಿಗೆ ಟೀ ಲೋಟ ಕೆಳಗಿಟ್ಟು, ನಾನು ಕನ್ನಡದಲ್ಲಿ ಹೇಳಿ ಮುಗಿಸುವವರೆಗೆ ಕೇಳಿದರು.

"ನಮ್ದೂ ಒಂದು ಕಾಲುವೆ ಇತ್ತು," ಎಂದರು ಆಮೇಲೆ. "ಕೆರೆ ತೂಬಿಂದ ಗದ್ದೆಗೆ ಬರ್ತಿತ್ತು. ಸೈಟ್ ಮಾಡ್ದಾಗ ನಾನೂ ನಮ್ ಯಜಮಾನ್ರೂ ನಿಂತ್ಕೊಂಡೇ ಮುಚ್ಚಿಸಿದ್ವಿ. ನಮ್ಮ ಗದ್ದೆ ಈಗ ನಾಲ್ಕನೇ ಕ್ರಾಸು. ಕಾಲುವೆ ಮುಚ್ಚಿದ್ದು ಇಬ್ರೂನೂವೆ. ಇವ್ರು ಮುಚ್ಚಿದ್ರು, ನೀರು ಬಂತು. ನಾವು ಮುಚ್ಚಿದ್ವಿ, ನೀರು ಹೋಯ್ತು. ಹೇಳು ಇದನ್ನ ಅವ್ರಿಗೆ."

ಹೇಳಿದೆ. ಮೇವ್ ಮೇಜಿನಾಚೆಯಿಂದ ಕೈಚಾಚಿ ಅತ್ತಿಗೆಯ ಕೆಸರು ಮೆತ್ತಿದ ಕೈಯನ್ನು ಹಿಡಿದುಕೊಂಡರು. ಇಬ್ಬರೂ ಅತ್ತರು ಎಂದು ಬರೆದರೆ ಸುಳ್ಳಾಗುತ್ತದೆ. ಸ್ವಲ್ಪ ಹೊತ್ತಿಗೆ ಅತ್ತಿಗೆಯೇ, "ಇವ್ರು ನೋಡ್ಬೇಕಲ್ವ ಅದನ್ನ? ನಾವು ಕರ್ಕೊಂಡು ಹೋಗಣ" ಎಂದರು.

ಮೂರು ಹಲಗೆ

ಭಾನುವಾರ ಇಡೀ ದಿನ ಮಳೆ. ಅಲ್ಲಿಯವರು ಅದನ್ನು ಮಳೆ ಅನ್ನುವುದಿಲ್ಲ, ಮೆತ್ತನೆಯ ದಿನ ಅನ್ನುತ್ತಾರೆ. ನಾವು ಮೇವ್ ಅವರ ಕೊಟ್ಟಿಗೆಯಲ್ಲಿ ಮೂರು ಉದ್ದ ಹಲಗೆ ಹುಡುಕಿಟ್ಟೆವು.

ಸೋಮವಾರ ಸಹನಾಳಿಗೆ ರಜೆ. ವಿಷಯ ಕೇಳಿ ಅವಳು ನರ್ಸಿನ ದನಿಯಲ್ಲಿ, "ಮಿಸ್, ಆಪರೇಷನ್ ಆಗಿರೋ ಮಂಡಿ ಅದು. ಬಿದ್ರೆ ನಾನೇ ಆಂಬುಲೆನ್ಸ್ ಕರೀಬೇಕು" ಎಂದಳು. ಮೇವ್ ಆಗಲೇ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಸಹನಾ ಅವರ ಸೊಂಟಕ್ಕೆ ಅಗಲದ ಬೆಲ್ಟೊಂದನ್ನು ಕಟ್ಟಿ, ಅದರ ಹಿಂಬದಿ ಹಿಡಿದುಕೊಂಡೇ ಹೊರಟಳು.

ಲೆಕ್ಕ ಸುಲಭವಾಗಿತ್ತು. ಎರಡು ಹಲಗೆ ನೆಲದ ಮೇಲೆ, ಮೇವ್ ಮುಂದಿನದಕ್ಕೆ ಹೋದ ಕೂಡಲೇ ಹಿಂದಿನದನ್ನು ನಾನು ಎತ್ತಿ ಕೊಡುವುದು, ಮೂರನೆಯದನ್ನು ಅತ್ತಿಗೆ ಎಲ್ಲಿ ಗಟ್ಟಿ ಇದೆ ಎಂದು ಕಾಲಲ್ಲಿ ನೋಡಿ ಹಾಸುವುದು. ನೂರು ಹೆಜ್ಜೆಗೆ ಒಂದು ಗಂಟೆಯ ಮೇಲಾಯಿತು. ನಡುವೆ ಒಮ್ಮೆ ಮೇವ್ ಹಲಗೆಯ ಮೇಲೆ ನಿಂತು ನಗತೊಡಗಿದರು. ಯಾಕೆ ಎಂದರೆ, ಮದುವೆಯ ದಿನ ಚರ್ಚಿಗೆ ಹೋಗಲು ಕೂಡ ಇಷ್ಟು ಜನ ತನಗೆ ದಾರಿ ಹಾಸಿರಲಿಲ್ಲ ಎಂದರು. ಅತ್ತಿಗೆಗೆ ಅದನ್ನು ಹೇಳಿದೆ. "ಹುಷಾರು, ನಗ್ತಾ ಬಿದ್ದಾರು" ಎಂದರು.

ಹೊಂಡದ ಅಂಚಿನಲ್ಲಿ ಕೊನೆಯ ಹಲಗೆ ಹಾಸಿ, ಮಡಚಿದ ರೇನ್‌ಕೋಟಿನ ಮೇಲೆ ಅವರನ್ನು ಕೂರಿಸಿದೆವು. ಕಾಲು ಚಾಚಿ, ಮುಂದಕ್ಕೆ ಬಾಗಿ ಅವರು ನೋಡಿದರು. ನಾನು ಏನೂ ವಿವರಿಸಲಿಲ್ಲ. ಒಂದು ದುಂಬಿ ಒಂದು ಹೂವಿನಿಂದ ಇನ್ನೊಂದಕ್ಕೆ ಹೋಗಿ ಕೂತಿತು.

ಮೇವ್ ಬೆರಳಿನಿಂದ ಗಾಳಿಯಲ್ಲಿ ಎಣಿಸಿದರು. "ಒಂಬತ್ತು," ಎಂದರು. ಮತ್ತೆ ಶಾಲೆಯ ಟೀಚರಿನ ದನಿ. "ನೀವು ಏಳು ಅಂದಿರಿ."

ಎಣಿಕೆ ತಪ್ಪಿದ್ದಕ್ಕೆ ಕ್ಷಮೆ ಕೇಳಲು ನಾನು ತಯಾರಾದೆ. ಆ ಪ್ರವಾಸದಲ್ಲಿ ನನಗೆ ಅದು ರೂಢಿಯಾಗಿತ್ತು. ಅತ್ತಿಗೆಗೆ ಇಂಗ್ಲಿಷಿನ ಅಂಕಿಗಳಾದರೂ ತಿಳಿಯುತ್ತವೆ.

"ಏಳೇ ಇದ್ದಿದ್ದು," ಎಂದರು. "ಮೂರ್ ಸಲ ಎಣಿಸಿದೀನಿ ನಾನು. ಆ ಕಡೆ ಎರಡು ನೋಡು, ಅವತ್ತು ಮೊಗ್ಗಾಗಿದ್ವು. ನಿನ್ನೆ ಮಳೇಲಿ ಬಿಟ್ಟವೆ. ಹೇಳು ಅವ್ರಿಗೆ."

ಹೇಳಿದೆ. ಮೇವ್ ಆ ಎರಡು ದಂಟುಗಳನ್ನೇ ಬಹಳ ಹೊತ್ತು ನೋಡಿದರು. ಕೋಟಿನ ಜೇಬಿನಿಂದ ಪುಸ್ತಕ ತೆಗೆದು, ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲಿನಲ್ಲಿ ಎರಡು ಸಾಲು ಬರೆದರು. ಶನಿವಾರ, ಏಳು, ಎಣಿಸಿದವರು ಜಯಮ್ಮ. ಸೋಮವಾರ, ಒಂಬತ್ತು. ಅದರ ಮುಂದೆ ಹೆಸರು ಬರೆಯುವಾಗ ಸ್ವಲ್ಪ ತಡೆದು, ತಮ್ಮದರ ಜೊತೆಗೆ ಟಾಮ್ ಎಂದೂ ಬರೆದರು.

ಪುಸ್ತಕ ಮುಚ್ಚಿ, "ಮೊಗ್ಗು ಇನ್ನು ಎಷ್ಟಿದೆ?" ಎಂದು ಕೇಳಿದರು.

ನಾನು ಅನುವಾದಿಸಲು ತಿರುಗಿದೆ. ಅತ್ತಿಗೆ ಆಗಲೇ ಮಂಡಿವರೆಗೆ ನೀರಿಗಿಳಿದು ಬೆರಳು ಮಡಚುತ್ತಿದ್ದರು.